ಗೆಳೆಯನಿಗೆ ಐವತ್ತು: ಊಟಕ್ಕೆ ಹೋಟೆಲ್ ಆರಿಸುವುದು ಹೇಗೆ?

ಬೆಂಗಳೂರಿನಲ್ಲಿ ಹತ್ತು ಹನ್ನೆರಡು ಮಂದಿ ಸೇರಿ ಗೆಳೆಯನೊಬ್ಬನ ಐವತ್ತನೇ ಹುಟ್ಟುಹಬ್ಬಕ್ಕೆ ಊಟ ಕೊಡಿಸಬೇಕೆಂದರೆ ಸಾಕು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೋಟೆಲ್ ಲಿಂಕುಗಳು ಬಂದು ಬೀಳುತ್ತವೆ. ಮೆನು ನೋಡುವ ಕೆಲಸ ಆಮೇಲಿಟ್ಟುಕೊಳ್ಳಿ. ಇಂಥ ಊಟ ಕೆಡುವುದು ರುಚಿಯಿಂದ ಕಡಿಮೆ; ಮಾತು ಕೇಳಿಸದ, ಆರಾಮಾಗಿ ಕೂರಲಾಗದ ಮೇಜಿನಿಂದಲೇ ಹೆಚ್ಚು.

ಮೊದಲು ಪಟ್ಟಿ

ಬರುವವರ ಹೆಸರಿನ ಮುಂದೆ ಮೂರು ವಿಷಯ ಬರೆದುಕೊಳ್ಳಿ: ಏನು ತಿನ್ನುವುದಿಲ್ಲ, ಮೆಟ್ಟಿಲು ಹತ್ತುತ್ತಾರಾ, ರಾತ್ರಿ ಯಾವ ಕಡೆಗೆ ವಾಪಸ್ ಹೋಗಬೇಕು. ‘ವೆಜ್ಜಾ, ನಾನ್‌ವೆಜ್ಜಾ’ ಎಂದಷ್ಟೇ ಕೇಳಿದರೆ ಸಾಲದು. ಸೋಮವಾರ ಶನಿವಾರ ಮಾಂಸ ಮುಟ್ಟದವರು, ಶ್ರಾವಣ ಪೂರ್ತಿ ಬಿಟ್ಟವರು, ಏಕಾದಶಿ ಹಿಡಿದವರು, ಈರುಳ್ಳಿ ಬೆಳ್ಳುಳ್ಳಿ ಆಗದವರು, ಮಾಂಸ ಬೇಯಿಸುವ ಅಡುಗೆಮನೆಯ ಊಟವೇ ಬೇಡವೆನ್ನುವವರು – ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಇದು ಮೊದಲೇ ಗೊತ್ತಿಲ್ಲದಿದ್ದರೆ ಅವರಿಗೆ ಸಿಗುವುದು ಪನೀರ್ ಟಿಕ್ಕಾ ಮತ್ತು ಮೊಸರನ್ನ ಮಾತ್ರ.

ದಿನಾಂಕವನ್ನೂ ಇಲ್ಲೇ ತೂಗಿ ನೋಡಿ. ಶುಕ್ರವಾರ, ಶನಿವಾರ ರಾತ್ರಿ ಅನೇಕ ಕಡೆ ಮೇಜನ್ನು ಎರಡು ಗಂಟೆಗೆ ಮಾತ್ರ ಕೊಡುತ್ತಾರೆ. ಮಂಗಳವಾರ, ಬುಧವಾರ ಅದೇ ಹೋಟೆಲಿನವರು ಮೂಲೆಯ ದೊಡ್ಡ ಮೇಜನ್ನೇ ಬಿಟ್ಟುಕೊಡಬಹುದು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯವಿರುವ ಸಂಜೆ ಎಂ.ಜಿ. ರಸ್ತೆ, ಚರ್ಚ್ ಸ್ಟ್ರೀಟ್ ಕಡೆ ತಲೆ ಹಾಕಬೇಡಿ. ಗುಂಡು ಹಾಕುವ ಗುಂಪಾದರೆ ಅಕ್ಟೋಬರ್ 2 ಮತ್ತು ಮತದಾನದ ಆಸುಪಾಸಿನ ದಿನಗಳು ಡ್ರೈ ಡೇ ಎಂಬುದು ನೆನಪಿರಲಿ.

ಹೋಗಿ ಕೂತು ನೋಡಿ

ಆ್ಯಪಿನ ಫೋಟೊಗಳಲ್ಲಿ ಸದ್ದು ಕೇಳಿಸುವುದಿಲ್ಲ. ಊಟ ಬುಧವಾರ ಎಂಟೂವರೆಗೆ ಅಂದರೆ, ಹಿಂದಿನ ವಾರದ ಬುಧವಾರ ಎಂಟೂವರೆಗೇ ಇಬ್ಬರು ಹೋಗಿ, ನಿಮಗೆ ಕೊಡುವ ಮೇಜಿನ ಎರಡು ತುದಿಯಲ್ಲಿ ಕುಳಿತು ಮಾತಾಡಿ. ದನಿ ಏರಿಸಬೇಕಾಗಿ ಬಂದರೆ ಜಾಗ ಬದಲಿಸಿ. ಇಂದಿರಾನಗರ, ಕೋರಮಂಗಲದ ಎಷ್ಟೋ ಬ್ರೂವರಿಗಳಲ್ಲಿ ಏಳು ಗಂಟೆಯ ಮೆಲುಸಂಗೀತ ಒಂಬತ್ತಕ್ಕೆ ಡಿಜೆ ಆಗಿರುತ್ತದೆ. ಮ್ಯಾನೇಜರ್ ‘ವಾಲ್ಯೂಮ್ ಕಮ್ಮಿ ಮಾಡ್ತೀವಿ ಸಾರ್’ ಅಂದರೂ ಉಳಿದ ಗಿರಾಕಿಗಳು ಬಿಡುವುದಿಲ್ಲ.

ಸ್ಪೀಕರಿನ ಕೆಳಗೆ, ಅಡುಗೆಮನೆಯ ಬಾಗಿಲಲ್ಲಿ, ಶೌಚಾಲಯದ ದಾರಿಯಲ್ಲಿ ಮೇಜು ಬೇಡ. ಐವತ್ತು ದಾಟಿದ ಮಂಡಿಗಳಿಗೆ ಬಾರ್ ಸ್ಟೂಲ್ ಮೂರು ಗಂಟೆ ಆಗಿಬರುವುದಿಲ್ಲ. ಲಿಫ್ಟ್ ಇದೆಯೋ ಇಲ್ಲವೋ ಕೇಳಿ. ಆರಡಿ ಅಗಲದ ದುಂಡು ಮೇಜಿಗೆ ಹತ್ತು ಮಂದಿ ಹಿಡಿಯುತ್ತಾರೆ, ಐದಡಿಯದಕ್ಕೆ ಎಂಟು. ನಾಲ್ಕು ಮೇಜು ಜೋಡಿಸಿದ ಉದ್ದ ಸಾಲೇ ಗತಿಯಾದರೆ ಹುಟ್ಟುಹಬ್ಬದವರನ್ನು ತುದಿಯಲ್ಲಿ ಕೂರಿಸದೆ ನಡುವೆ ಕೂರಿಸಿ. ತುದಿಯಲ್ಲಿದ್ದರೆ ಅಕ್ಕಪಕ್ಕದ ನಾಲ್ವರ ಜೊತೆಗೇ ಅವರ ರಾತ್ರಿ ಕಳೆದುಹೋಗುತ್ತದೆ. ತಾರಸಿ ಹೋಟೆಲಾದರೆ ಒಳಗೂ ಅಷ್ಟೇ ಜಾಗ ಕಾದಿರಿಸಿದ್ದಾರಾ ಕೇಳಿ. ಮೇ ತಿಂಗಳಲ್ಲಿ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ನಮ್ಮ ಮಳೆ ಬರುವುದೇ ಸಂಜೆಗೆ.

1943ರಿಂದ ನಡೆಯುತ್ತಿರುವ ಗಾಂಧಿಬಜಾರಿನ ವಿದ್ಯಾರ್ಥಿ ಭವನ, 1924ರಲ್ಲಿ ಶುರುವಾದ ಎಂಟಿಆರ್ ಯಾರಿಗೆ ಇಷ್ಟವಿಲ್ಲ? ಆದರೆ ನೀವು ಏಳುವುದನ್ನೇ ಕಾಯುತ್ತ ಜನ ನಿಂತಿರುವಲ್ಲಿ ಹಳೇ ಕಾಲೇಜಿನ ಕಥೆ ಬಿಚ್ಚಲಾಗದು. ಅಲ್ಲಿಗೆ ಬೆಳಿಗ್ಗೆ ಹೋಗಿ, ದೋಸೆ ತಿಂದು ಬನ್ನಿ. ಮೀನು, ನೀರ್‌ದೋಸೆ ಮೆಚ್ಚುವ ಗುಂಪಿಗೆ ರೆಸಿಡೆನ್ಸಿ ರಸ್ತೆಯ ‘ಕರಾವಳಿ’ಯಂಥ, ನಿಧಾನವಾಗಿ ಬಡಿಸುವ ಜಾಗ ಒಗ್ಗುತ್ತದೆ, ಜೇಬು ಒಪ್ಪಿದರೆ.

ಲೆಕ್ಕ

ತಲೆಗೆ 1,500 ರೂಪಾಯಿಯಂತೆ ಹತ್ತು ಮಂದಿಗೆ 15,000. ಸಾಮಾನ್ಯ ರೆಸ್ಟೋರೆಂಟಿನಲ್ಲಿ ಶೇ 5 ಜಿಎಸ್‌ಟಿ ಸೇರಿ 15,750. ದಿನದ ಕೋಣೆ ಬಾಡಿಗೆ 7,500 ರೂಪಾಯಿ ಮೀರುವ ಹೋಟೆಲಿನೊಳಗಿನ ರೆಸ್ಟೋರೆಂಟಾದರೆ ಶೇ 18, ಅಂದರೆ 17,700. ಮದ್ಯಕ್ಕೆ ಜಿಎಸ್‌ಟಿ ಅನ್ವಯಿಸುವುದಿಲ್ಲ; ಅದರ ಬಿಲ್ಲನ್ನೇ ಬೇರೆ ಮಾಡಿಸಿ. ಕುಡಿಯದವರಿಗೂ ಸಮನಾಗಿ ಹಂಚಿದರೆ ಯಾರೂ ಬಾಯಿಬಿಟ್ಟು ಹೇಳದ ಮುನಿಸು ಅಲ್ಲಿಂದಲೇ ಶುರು.

ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಸೇರಿಸಿದ್ದರೆ ತೆಗೆಸಿ, ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಡಿಸಿದ ಹುಡುಗರ ಕೈಗೆ ನೇರವಾಗಿ ಟಿಪ್ಸ್ ಕೊಡಿ.

ಸೆಟ್ ಮೆನುವಿಗೆ ‘ಗ್ಯಾರಂಟಿ’ ಸಂಖ್ಯೆ ಕೇಳುತ್ತಾರೆ. ಹನ್ನೆರಡು ಎಂದು ಬರೆಸಿ ಒಂಬತ್ತೇ ಜನ ಬಂದರೂ ಹನ್ನೆರಡರ ದುಡ್ಡು ತೆರಬೇಕಾದೀತು. ಹನ್ನೆರಡು ಮಂದಿಯನ್ನು ಕರೆದಿದ್ದರೆ ಹತ್ತು ಬರೆಸಿ, ಹೆಚ್ಚಾದರೆ ಸೇರಿಸುವ ಮಾತಾಡಿಕೊಳ್ಳಿ. ಮುಂಗಡ, ದರ, ತೆರಿಗೆ, ಯಾವ ಮೇಜು, ಎಷ್ಟು ಹೊತ್ತು ಎಂಬುದೆಲ್ಲ ವಾಟ್ಸ್‌ಆ್ಯಪಿನಲ್ಲಿ ಬರಹದಲ್ಲಿರಲಿ. ಬುಕಿಂಗ್ ತೆಗೆದುಕೊಂಡವರು ಆ ದಿನ ರಜೆಯಲ್ಲಿದ್ದರೆ ಬಾಯಿಮಾತಿಗೆ ಬೆಲೆ ಇರುವುದಿಲ್ಲ.

ಬಿಡಿಬಿಡಿಯಾಗಿ ಆರ್ಡರ್ ಮಾಡುವುದಾದರೆ ಹತ್ತು ಮಂದಿಗೆ ಸ್ಟಾರ್ಟರ್ ಆರು ಪ್ಲೇಟು, ಮೂವರಿಗೊಂದು ಗ್ರೇವಿ, ಇಬ್ಬರಿಗೊಂದು ಬಿರಿಯಾನಿ ಸಾಕು. ಸ್ಟಾರ್ಟರನ್ನು ಮೊದಲೇ ಹೇಳಿಟ್ಟು, ಕೂತ ಹತ್ತು ನಿಮಿಷಕ್ಕೆ ಬರುವಂತೆ ಮಾಡಿ.

ಕೇಕು

ಹೊರಗಿನ ಕೇಕಿಗೆ ಅನುಮತಿ ಇದೆಯಾ, ಶುಲ್ಕವೆಷ್ಟು, ಫ್ರಿಜ್ಜಿನಲ್ಲಿ ಇಡುತ್ತಾರಾ ಎಂದು ಕೇಳಿ. ಹತ್ತು ಮಂದಿಗೆ ಒಂದು ಕೆ.ಜಿ. ಧಾರಾಳ, ಮೊಟ್ಟೆ ಇಲ್ಲದ್ದೇ ತಂದರೆ ಎಲ್ಲರೂ ತಿನ್ನುತ್ತಾರೆ. ಕಿಡಿ ಹಾರಿಸುವ ಮೇಣದಬತ್ತಿಯನ್ನು ಅನೇಕ ಕಡೆ ಬಿಡುವುದಿಲ್ಲ. ಸ್ಟಾರ್ಟರ್ ಮುಗಿದು ಊಟ ಬರುವ ಮುನ್ನವೇ ಕತ್ತರಿಸಿ. ಕೊನೆಗೆ ಇಟ್ಟುಕೊಂಡರೆ ಯಲಹಂಕ, ಕೆಂಗೇರಿಗೆ ಹೋಗುವವರು ಅಷ್ಟರಲ್ಲಿ ಎದ್ದಿರುತ್ತಾರೆ.

ಕೇಕಿನ ಗದ್ದಲದ ನಡುವೆಯೇ ನಿಮ್ಮಲ್ಲೊಬ್ಬರು ಮ್ಯಾನೇಜರ್ ಹತ್ತಿರ ಹೋಗಿ ಕಾರ್ಡ್ ಕೊಟ್ಟು ಬನ್ನಿ. ಬಿಲ್ಲು ಮೇಜಿಗೆ ಬಂದರೆ ‘ನಾನ್ ಕೊಡ್ತೀನಿ ಬಿಡ್ರೋ’ ಎಂದು ಮೊದಲು ಕೈಹಾಕುವುದು ಹುಟ್ಟುಹಬ್ಬದವರೇ.