ಸಾವಿರಾರು ಕೋಟಿಯ ಯೋಜನೆಗೆ ಲೆಕ್ಕ ಹಾಕುವುದು ಹೇಗೆ?

ದೊಡ್ಡ ಯೋಜನೆ ಎಂದಾಗ ಚರ್ಚೆ ಸಾಮಾನ್ಯವಾಗಿ ‘ಬೇಕೇ ಬೇಕು’, ‘ಬೇಡವೇ ಬೇಡ’ ಎಂಬಲ್ಲಿಗೇ ನಿಂತುಬಿಡುತ್ತದೆ. ಖರ್ಚೆಷ್ಟು, ಯಾರಿಗೆ ಏನು ಸಿಗುತ್ತದೆ ಎಂದು ಕೂತು ಲೆಕ್ಕ ಹಾಕುವವರು ಕಡಿಮೆ. ವೆಚ್ಚ-ಪ್ರಯೋಜನ ವಿಶ್ಲೇಷಣೆಗೆ ಅರ್ಥಶಾಸ್ತ್ರದ ಡಿಗ್ರಿ ಬೇಕಿಲ್ಲ. ಒಂದು ಎಕ್ಸೆಲ್ ಶೀಟ್, ಸ್ವಲ್ಪ ತಾಳ್ಮೆ ಸಾಕು. ಆದರೆ ಕಲಿಯಲು ನಿಜವಾದ ಯೋಜನೆಯನ್ನೇ ಹಿಡಿಯಬೇಕು. ಇಲ್ಲಿ ಎತ್ತಿನಹೊಳೆಯನ್ನು ತೆಗೆದುಕೊಳ್ಳೋಣ.

ಸಕಲೇಶಪುರದ ಬಳಿ ಪಶ್ಚಿಮಕ್ಕೆ ಹರಿಯುವ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ಮಳೆಗಾಲದ ನೀರನ್ನು ಪಂಪ್ ಮಾಡಿ ಮೇಲೆತ್ತಿ, ಕೋಲಾರ, ಚಿಕ್ಕಬಳ್ಳಾಪುರ ಸೇರಿ ಏಳು ಜಿಲ್ಲೆಗಳಿಗೆ ಕೊಡುವ ಯೋಜನೆ ಇದು. ಸರ್ಕಾರದ ಲೆಕ್ಕದಲ್ಲಿ ಸಿಗುವ ನೀರು 24.01 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಅದರಲ್ಲಿ ಸುಮಾರು 14 ಟಿಎಂಸಿ ಕುಡಿಯಲು, ಉಳಿದ 10 ಟಿಎಂಸಿ ಕೆರೆ ತುಂಬಿಸಲು. 2014ರಲ್ಲಿ 12,912 ಕೋಟಿ ರೂಪಾಯಿ ಇದ್ದ ಅಂದಾಜು ಈಗ 23,251 ಕೋಟಿಗೆ ಏರಿದೆ.

1. ಯಾವುದಕ್ಕೆ ಹೋಲಿಸುತ್ತೀರಿ?

ಇದೇ ಮೊದಲ ಪ್ರಶ್ನೆ. ಬಹಳ ವರದಿಗಳು ಜಾರುವುದೂ ಇಲ್ಲೇ. ‘ಯೋಜನೆಗೆ ಮುಂಚೆ, ಯೋಜನೆ ಆದಮೇಲೆ’ ಎಂದು ಹೋಲಿಸಿದರೆ ತಪ್ಪಾಗುತ್ತದೆ. ‘ಯೋಜನೆ ಇದ್ದರೆ, ಇಲ್ಲದಿದ್ದರೆ’ ಎಂದು ಹೋಲಿಸಬೇಕು. ಯಾಕೆಂದರೆ ಯೋಜನೆ ಇಲ್ಲದಿದ್ದರೂ ಊರು ಸುಮ್ನೆ ಕೂತಿರುವುದಿಲ್ಲ.

ಕೋಲಾರವನ್ನೇ ನೋಡಿ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಅಲ್ಲಿನ ಕೆರೆಗಳಿಗೆ ಹರಿಯುತ್ತಿದೆ. ಅದರ ಪೂರ್ತಿ ಸಾಮರ್ಥ್ಯ ದಿನಕ್ಕೆ 44 ಕೋಟಿ ಲೀಟರ್. ವರ್ಷಕ್ಕೆ ಗುಣಿಸಿದರೆ ಸುಮಾರು 5.7 ಟಿಎಂಸಿ. ಹಾಗಾಗಿ ಎತ್ತಿನಹೊಳೆ ಬರದಿದ್ದರೆ ಕೋಲಾರದ ಕೆರೆಗಳೆಲ್ಲ ಒಣಗಿರುತ್ತವೆ ಎಂದು ಹಿಡಿದು ಲೆಕ್ಕ ಹಾಕುವಂತಿಲ್ಲ. ಹಾಗೆಂದು ಎರಡೂ ನೀರು ಒಂದೇ ಎನ್ನುವಂತೆಯೂ ಇಲ್ಲ. ಕೆ.ಸಿ. ವ್ಯಾಲಿ ನೀರು ಎರಡನೇ ಹಂತದವರೆಗೆ ಮಾತ್ರ ಶುದ್ಧವಾಗಿ ಬರುತ್ತದೆ. ಅದು ಅಂತರ್ಜಲಕ್ಕೆ ಇಂಗಲೆಂದು ಬಿಟ್ಟ ನೀರು, ಕುಡಿಯುವ ನೀರಲ್ಲ. ಆದ್ದರಿಂದ ನಾನಾದರೆ ಎತ್ತಿನಹೊಳೆಯನ್ನು ಎರಡು ಭಾಗ ಮಾಡುತ್ತೇನೆ. ಕುಡಿಯುವ 14 ಟಿಎಂಸಿಗೆ ಒಂದು ಲೆಕ್ಕ, ಕೆರೆಯ 10 ಟಿಎಂಸಿಗೆ ಇನ್ನೊಂದು. ಕೆರೆಯ ಭಾಗಕ್ಕೆ ಹೂಳೆತ್ತುವುದು, ರಾಜಕಾಲುವೆಯ ಒತ್ತುವರಿ ಬಿಡಿಸುವುದು, ಸಂಸ್ಕರಿಸಿದ ನೀರು ಹೀಗೆ ಬೇರೆ ದಾರಿಗಳಿವೆ. ಕುಡಿಯುವ ಭಾಗಕ್ಕೆ ಅಷ್ಟು ದಾರಿಗಳಿಲ್ಲ.

2. ಖರ್ಚು ಬರೆಯಿರಿ

ಕಾಲುವೆ, ಪೈಪು, ಪಂಪ್‌ಹೌಸ್, ಭೂಮಿ ಇವು ಎಲ್ಲರಿಗೂ ಕಾಣುತ್ತವೆ. ಕರೆಂಟ್ ಬಿಲ್ ಮರೆಯಬೇಡಿ. ಏತ ನೀರಿನ ಯೋಜನೆಯಲ್ಲಿ ಅದು ಪ್ರತಿ ವರ್ಷದ ಬಾಬ್ತು. ಕಡಿದ ಕಾಡು, ಹೋದ ಕಾಫಿ ತೋಟ, ಆನೆ ದಾರಿ ತಪ್ಪಿದ್ದರಿಂದ ಆಗುವ ಬೆಳೆ ಹಾನಿ, ಈ ಹೊಳೆಗಳ ನೀರು ಸೇರುವ ನೇತ್ರಾವತಿಯಲ್ಲಿ ಕಡಿಮೆಯಾಗುವ ಹರಿವು ಇವೂ ಖರ್ಚೇ. ಯಾರೂ ಬಿಲ್ ಕಳಿಸದ ಖರ್ಚು, ಅಷ್ಟೇ. ರೂಪಾಯಿಯಲ್ಲಿ ಹೇಳಲಾಗದಿದ್ದರೆ ಎಷ್ಟು ಎಕರೆ, ಎಷ್ಟು ಮನೆ ಎಂದಾದರೂ ಬರೆಯಿರಿ. ಖಾಲಿ ಬಿಟ್ಟರೆ ಅದು ಸೊನ್ನೆ ಎಂದೇ ಆಗಿಬಿಡುತ್ತದೆ.

ಇನ್ನೊಂದು ಸೂಕ್ಷ್ಮ. ಸಿಮೆಂಟಿನ ಮೇಲಿನ ಜಿಎಸ್‌ಟಿ ಸಮಾಜಕ್ಕೆ ಖರ್ಚಲ್ಲ, ಅದು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗುವ ದುಡ್ಡು. ಅದನ್ನು ಕಳೆಯಿರಿ.

3. ಪ್ರಯೋಜನ ಬರೆಯಿರಿ

ನೀರಿನ ಬೆಲೆ ಗೊತ್ತಾಗಬೇಕಾದರೆ ಜನ ಈಗ ಏನು ತೆರುತ್ತಿದ್ದಾರೆ ಎಂದು ನೋಡಿ. ಟ್ಯಾಂಕರ್ ದುಡ್ಡು, ಸಾವಿರ ಅಡಿ ದಾಟಿದ ಬೋರ್‌ವೆಲ್, ಫ್ಲೋರೈಡ್ ನೀರಿನಿಂದ ಬರುವ ಹಲ್ಲು-ಮೂಳೆ ರೋಗ, ಕೊಡ ಹಿಡಿದು ಕಾಯುವ ಹೆಂಗಸರ ಸಮಯ. ಒಂದೇ ಲಾಭವನ್ನು ಎರಡು ಸಲ ಬರೆಯಬೇಡಿ. ನೀರು ಬಂದು ಬೆಳೆ ಹೆಚ್ಚಿತು, ಬೆಳೆ ಹೆಚ್ಚಿದ್ದಕ್ಕೆ ಜಮೀನಿನ ರೇಟು ಏರಿತು ಎಂದರೆ ಎರಡರಲ್ಲಿ ಒಂದನ್ನು ಮಾತ್ರ ಸೇರಿಸಬೇಕು.

4. ಎಲ್ಲವನ್ನೂ ಇವತ್ತಿನ ಬೆಲೆಗೆ ತನ್ನಿ

ಮುಂದೆ ಸಿಗುವ ದುಡ್ಡಿಗೆ ಇವತ್ತು ಬೆಲೆ ಕಡಿಮೆ. ಬಡ್ಡಿ ಲೆಕ್ಕವನ್ನು ತಿರುಗಿಸಿ, ವರ್ಷಕ್ಕೆ ಇಷ್ಟು ಶೇಕಡಾ ಎಂದು ಅದನ್ನು ಇಳಿಸಲು ಬಳಸುವುದೇ ಇಲ್ಲಿ ದರ. ಇಪ್ಪತ್ತು ವರ್ಷದ ನಂತರ ಸಿಗುವ 100 ರೂಪಾಯಿಗೆ, ಶೇ 8ರ ದರದಲ್ಲಿ ಇವತ್ತಿನ ಬೆಲೆ ಸುಮಾರು 21 ರೂಪಾಯಿ. ಶೇ 4 ಎಂದರೆ 46, ಶೇ 12 ಎಂದರೆ ಬರೀ 10. ದರ ಬದಲಾದರೆ ತೀರ್ಪೇ ಬದಲಾಗುತ್ತದೆ ಅಲ್ವಾ? ಅದಕ್ಕೇ ವರದಿ ಕೈಗೆ ಬಂದಾಗ ಯಾವ ದರ ಹಾಕಿದ್ದಾರೆ ಎಂದು ಮೊದಲು ಹುಡುಕಿ. ಕೇಂದ್ರದ 2017ರ ಮೆಟ್ರೊ ರೈಲು ನೀತಿ, ಯೋಜನೆಯ ಆರ್ಥಿಕ ಪ್ರತಿಫಲ ಕನಿಷ್ಠ ಶೇ 14 ಇರಬೇಕು ಎನ್ನುತ್ತದೆ. ನೀರು, ಕಾಡಿನಂಥ ದೀರ್ಘಕಾಲದ ವಿಷಯಗಳಿಗೆ ಅಷ್ಟು ಎತ್ತರದ ದರ ಹಾಕಿದರೆ ಮೊಮ್ಮಕ್ಕಳ ಪಾಲು ಲೆಕ್ಕದಿಂದಲೇ ಅಳಿಸಿಹೋಗುತ್ತದೆ.

5. ಒಂದು ಸಾವಿರ ಲೀಟರ್‌ಗೆ ಎಷ್ಟು?

ಎಕ್ಸೆಲ್‌ನಲ್ಲಿ ಪಿಎಂಟಿ ಎಂಬ ಫಾರ್ಮುಲಾ ಇದೆ. ಮನೆ ಸಾಲದ ಇಎಂಐ ಲೆಕ್ಕಕ್ಕೂ ಅದೇ. 23,251 ಕೋಟಿಯನ್ನು ಶೇ 8ರ ದರದಲ್ಲಿ 50 ವರ್ಷಕ್ಕೆ ಹಂಚಿ. ವರ್ಷಕ್ಕೆ ಸುಮಾರು 1,900 ಕೋಟಿ ಬರುತ್ತದೆ. ಒಂದು ಟಿಎಂಸಿ ಎಂದರೆ ಸುಮಾರು 2,832 ಕೋಟಿ ಲೀಟರ್. 24.01 ಟಿಎಂಸಿ ಎಂದರೆ 68,000 ಕೋಟಿ ಲೀಟರ್. ಭಾಗಿಸಿದರೆ ಸಾವಿರ ಲೀಟರ್‌ಗೆ 28 ರೂಪಾಯಿ. ಇದು ಕಟ್ಟಿದ ಖರ್ಚು ಮಾತ್ರ, ಕರೆಂಟು, ರಿಪೇರಿ ಇದರ ಮೇಲೆ.

6. ಊಹೆಗಳನ್ನು ಅಲ್ಲಾಡಿಸಿ

ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಆ ಹೊಳೆಗಳಲ್ಲಿ ಸಿಗುವ ನೀರು 9.55 ಟಿಎಂಸಿ ಎಂದು ಅಂದಾಜಿಸಿದೆ. ಆ ಅಂಕಿಯನ್ನು ಹಾಕಿ ನೋಡಿ. 28 ರೂಪಾಯಿ ಇದ್ದದ್ದು 70 ಆಗುತ್ತದೆ. ಅದರ ಜೊತೆಗೆ ದರವನ್ನೂ ಶೇ 12 ಎಂದು ಬದಲಿಸಿದರೆ 100 ದಾಟುತ್ತದೆ. ಕಾಂಕ್ರೀಟಿನ ರೇಟಿಗಿಂತ ಹೊಳೆಯಲ್ಲಿ ಎಷ್ಟು ನೀರಿದೆ ಎಂಬ ಒಂದೇ ಅಂಕಿ ಇಡೀ ಲೆಕ್ಕವನ್ನು ಆಳುತ್ತಿದೆ. ಇಂಥ ಅಂಕಿಯನ್ನು ಕಂಡುಹಿಡಿಯುವುದೇ ಈ ವಿದ್ಯೆಯಲ್ಲಿ ನಿಜವಾದ ಪಳಗುವಿಕೆ. ಪ್ರತಿ ಊಹೆಯನ್ನೂ ಒಂದೊಂದಾಗಿ ಮೇಲೆ ಕೆಳಗೆ ಮಾಡುತ್ತಾ ಹೋದರೆ ಅದು ತಾನೇ ಸಿಕ್ಕಿಬೀಳುತ್ತದೆ.

ಎಲ್ಲ ಊಹೆಗಳೂ ಒಂದೇ ಕಡೆ ವಾಲಿದ್ದರೆ ಎಚ್ಚರ. ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲಿವ್‌ಬ್ಯರ್ ಹಲವು ದೇಶಗಳ ರೈಲು ಯೋಜನೆಗಳನ್ನು ನೋಡಿದಾಗ, ಖರ್ಚು ಅಂದಾಜಿಗಿಂತ ಸರಾಸರಿ ಶೇ 45ರಷ್ಟು ಜಾಸ್ತಿಯಾಗಿತ್ತು. ಪ್ರಯಾಣಿಕರು ಅಂದಾಜಿನ ಅರ್ಧದಷ್ಟೇ ಬಂದಿದ್ದರು.

7. ಕೊಡುವವರು ಯಾರು, ಪಡೆಯುವವರು ಯಾರು?

ಒಟ್ಟು ಮೊತ್ತ ಲಾಭ ತೋರಿಸಿದರೂ ಕಳೆದುಕೊಳ್ಳುವವರು ಸಕಲೇಶಪುರದಲ್ಲಿ, ಪಡೆಯುವವರು ಕೋಲಾರದಲ್ಲಿ ಇರಬಹುದು. ಅದಕ್ಕೇ ಜಿಲ್ಲೆಗೊಂದು ಕಾಲಂ ಹಾಕಿ. ಈ ಕಾಲಂ ಇಲ್ಲದ ವರದಿಯನ್ನು ನಾನು ಪೂರ್ತಿ ವರದಿ ಎಂದು ಒಪ್ಪುವುದಿಲ್ಲ.

ಅರ್ಧ ದಾರಿಯಲ್ಲಿರುವ ಯೋಜನೆಗೆ ಇನ್ನೊಂದು ನಿಯಮವಿದೆ. ‘ಇಷ್ಟು ಸುರಿದಿದ್ದೇವೆ, ಈಗ ನಿಲ್ಲಿಸುವುದು ಹೇಗೆ?’ ಎಂಬ ಮಾತು ಲೆಕ್ಕಕ್ಕೆ ಬರುವುದಿಲ್ಲ. ಹೋದ ದುಡ್ಡು ನಿಲ್ಲಿಸಿದರೂ ವಾಪಸ್ ಬರುವುದಿಲ್ಲ, ಮುಂದುವರಿಸಿದರೂ ಬರುವುದಿಲ್ಲ. ಎತ್ತಿನಹೊಳೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆ ಆಗಿದೆ. ಈಗ ಕೇಳಬೇಕಾದದ್ದು, ಇನ್ನು ಮುಂದೆ ಹಾಕುವ ಪ್ರತಿ ನೂರು ಕೋಟಿಗೆ ಎಷ್ಟು ನೀರು ಎಂಬುದು.

ಶುರು ಮಾಡಲು ನಿಮ್ಮ ಜಿಲ್ಲೆಯ ಒಂದು ಯೋಜನೆಯ ಡಿಪಿಆರ್ (ವಿವರವಾದ ಯೋಜನಾ ವರದಿ) ಅನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ. ಖರ್ಚಿನ ಎಷ್ಟು ಪಟ್ಟು ಪ್ರಯೋಜನ ಎಂಬ ಅನುಪಾತವನ್ನಷ್ಟೇ ಕೊಟ್ಟು ಕಳಿಸಿದರೆ, ಅದಕ್ಕೆ ಬಳಸಿದ ದರ, ಯೋಜನೆಯ ಆಯುಷ್ಯ, ಪ್ರಯೋಜನದ ಪಟ್ಟಿ ಇರುವ ಪುಟಗಳನ್ನೂ ಕೊಡಿ ಎಂದು ಬರೆಯಿರಿ.