ಚರ್ಮ, ನೆಣ ಇರಲಿ, ಉರಿ ಸಣ್ಣಗಿರಲಿ: ಮನೆಯಲ್ಲೇ ಪಂದಿ ಕರಿ

ಹಂದಿ ಮಾಂಸದ ಅಂಗಡಿಯಲ್ಲಿ ಅನೇಕರು ಮೊದಲು ಕೇಳುವುದೇ ‘ಬೋನ್‌ಲೆಸ್ ಇದೆಯಾ?’ ಅಂತ. ಕೊಡಗಿನ ಪಂದಿ ಕರಿ ಮಾಡುವುದಾದರೆ ಹಾಗೆ ಕೇಳಬೇಡಿ. ಚರ್ಮ, ನೆಣ, ಸ್ವಲ್ಪ ಮೂಳೆ ಎಲ್ಲ ಸೇರಿದ, ಕಮ್ಮಿ ಬೆಲೆಯ ಮಾಂಸವೇ ಇದಕ್ಕೆ ಸರಿ. ಭುಜದ ಕಡೆಯದು ಮುಕ್ಕಾಲು ಕೆಜಿ, ಹೊಟ್ಟೆಯ ಕಡೆಯದು ಕಾಲು ಕೆಜಿ ಹಾಕಿಸಿಕೊಳ್ಳಿ. ತುಂಡು ಸಣ್ಣದಾದರೆ ಬೇಯುವಷ್ಟರಲ್ಲಿ ಪುಡಿಯಾಗುತ್ತದೆ, ಒಂದೂವರೆ ಅಂಗುಲ ಇರಲಿ.

ಭುಜ ಸದಾ ಕೆಲಸ ಮಾಡುವ ಭಾಗ. ಅಲ್ಲಿ ಕೊಲಾಜನ್ ಎಂಬ ಗಟ್ಟಿ ನಾರು ಜಾಸ್ತಿ. ಬೇಗ ಇಳಿಸಿದರೆ ಅಗಿದು ಅಗಿದು ದವಡೆ ನೋಯುತ್ತದೆ. ಮಾಂಸದ ಒಳಗಿನ ಬಿಸಿ 70 ಡಿಗ್ರಿ ಸೆಲ್ಸಿಯಸ್ ದಾಟಿ, ಬಹಳ ಹೊತ್ತು ಹಾಗೇ ನಿಂತರೆ ಈ ನಾರು ಕರಗಿ ಜೆಲಟಿನ್ ಆಗುತ್ತದೆ. ಬೆರಳಿಗೆ ಅಂಟುವಂಥ ಗೊಜ್ಜು ಬರುವುದು ಅದರಿಂದಲೇ. ದುಬಾರಿ ಬರೀ ಮಾಂಸದಲ್ಲಿ ಕರಗಲು ಅಂಥದ್ದೇನೂ ಇರುವುದಿಲ್ಲ, ಬೆಂದಷ್ಟೂ ಒಣಗುತ್ತದೆ.

ಮಾಂಸ ತೊಳೆದು ನೀರು ಬಸಿದು ಒಂದೂವರೆ ಚಮಚ ಉಪ್ಪು, ಒಂದು ಚಮಚ ಅರಿಶಿನ, ಒಂದು ಚಮಚ ಖಾರದ ಪುಡಿ ಹಚ್ಚಿ ಅರ್ಧ ಗಂಟೆ ಬಿಡಿ. ಅಷ್ಟರಲ್ಲಿ ಮೂರು ಈರುಳ್ಳಿ, ಹದಿನೈದು ಎಸಳು ಬೆಳ್ಳುಳ್ಳಿ, ಎರಡು ಅಂಗುಲ ಶುಂಠಿ, ನಾಲ್ಕೈದು ಹಸಿಮೆಣಸಿನಕಾಯಿ ತರಿತರಿಯಾಗಿ ರುಬ್ಬಿಕೊಳ್ಳಿ.

ದಪ್ಪ ತಳದ ಪಾತ್ರೆಗೆ ಮಾಂಸ ಹಾಕಿ. ಎಣ್ಣೆ ಬೇಡ, ಒಂದು ಹನಿಯೂ ಬೇಡ. ಸಣ್ಣ ಉರಿಯಲ್ಲಿ ಮುಚ್ಚಿಟ್ಟರೆ ಮೊದಲು ನೀರು ಬಿಡುತ್ತದೆ, ಆಮೇಲೆ ನೆಣ ಕರಗುತ್ತದೆ. ಆ ನೆಣದಲ್ಲೇ ರುಬ್ಬಿದ್ದನ್ನು ಹಾಕಿ, ಹಸಿ ವಾಸನೆ ಹೋಗುವವರೆಗೆ ತಿರುವಿ. ಮಾಂಸ ಅರ್ಧ ಮುಳುಗುವಷ್ಟು ಬಿಸಿನೀರು ಸುರಿದು, ಮುಚ್ಚಳ ಸ್ವಲ್ಪ ಸರಿಸಿಟ್ಟು ಒಂದೂವರೆಯಿಂದ ಎರಡು ಗಂಟೆ ಬಿಡಿ. ಕೊತಕೊತ ಕುದಿಯಬಾರದು, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿದ್ದರೆ ಸಾಕು. ತಳ ಹಿಡಿಯುತ್ತಿದೆ ಅನಿಸಿದರೆ ಬಿಸಿನೀರು ಸೇರಿಸಿ. ಕುಕ್ಕರಿನಲ್ಲಿ ಬೇಗ ಆಗುತ್ತದೆ, ನಿಜ. ಆದರೆ ನೀರು ಆರುವುದಿಲ್ಲ, ಗೊಜ್ಜು ತೆಳ್ಳಗೇ ಉಳಿಯುತ್ತದೆ.

ಈಗ ಕಪ್ಪು ಮಸಾಲೆ. ಪಂದಿ ಕರಿಯ ಬಣ್ಣ, ರುಚಿ ಎರಡೂ ಇಲ್ಲಿ ನಿರ್ಧಾರವಾಗುತ್ತವೆ. ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ದೊಡ್ಡ ಚಮಚ ಕಾಳುಮೆಣಸು, ಅಷ್ಟೇ ಜೀರಿಗೆ, ಒಂದು ಸಣ್ಣ ಚಮಚ ಸಾಸಿವೆ, ಕಾಲು ಚಮಚ ಮೆಂತ್ಯ. ಒಣ ಬಾಣಲೆಯಲ್ಲಿ ಒಂದೊಂದನ್ನೇ ಬೇರೆಬೇರೆಯಾಗಿ ಹುರಿಯಬೇಕು, ಎಲ್ಲ ಒಟ್ಟಿಗೆ ಹಾಕಿದರೆ ಕೊತ್ತಂಬರಿ ಬಣ್ಣ ತಿರುಗುವ ಮೊದಲೇ ಮೆಂತ್ಯ ಸೀದಿರುತ್ತದೆ. ಸಾಂಬಾರ್ ಪುಡಿಗೆ ಹುರಿಯುವುದಕ್ಕಿಂತ ಮುಂದಕ್ಕೆ ಹೋಗಿ, ಕೊತ್ತಂಬರಿ ಕಾಫಿಪುಡಿ ಬಣ್ಣಕ್ಕೆ ಬರಲಿ. ಹೊಗೆ ಕಣ್ಣಿಗೆ ಉರಿ ಎಬ್ಬಿಸುತ್ತಿದೆ ಎಂದರೆ ಅತಿಯಾಯಿತು, ಕಹಿಯಾಗುತ್ತದೆ. ಆರಿದ ಮೇಲೆ ಪುಡಿ ಮಾಡಿ.

ಬೆರಳಿನಿಂದ ಒತ್ತಿದರೆ ಚರ್ಮ ಮೆತ್ತಗೆ ಒಳಹೋಗಬೇಕು. ಅಲ್ಲಿಗೆ ಬಂದ ಮೇಲೆ ಪುಡಿ ಬೆರೆಸಿ ಇನ್ನು ಕಾಲು ಗಂಟೆ ಬೇಯಿಸಿ. ಇಳಿಸಲು ಹತ್ತು ನಿಮಿಷ ಇರುವಾಗ ಕಾಚಂಪುಳಿ. ಪಣಪುಳಿ ಹಣ್ಣಿನ ರಸವನ್ನು ಕಪ್ಪಾಗಿ ಮಂದವಾಗುವವರೆಗೆ ಕುದಿಸಿ ಇಳಿಸಿದ ಹುಳಿ ಇದು. ಮಡಿಕೇರಿ, ವಿರಾಜಪೇಟೆಯ ಅಂಗಡಿಗಳಲ್ಲಿ ಬಾಟಲಿಯಲ್ಲಿ ಸಿಗುತ್ತದೆ. ಭಾರೀ ಹುಳಿ, ಹಾಗಾಗಿ ಒಂದು ಸಣ್ಣ ಚಮಚ ಹಾಕಿ, ನೆಕ್ಕಿ ನೋಡಿ, ಬೇಕಾದರೆ ಇನ್ನರ್ಧ. ಸಿಗದಿದ್ದರೆ ಹುಣಸೆ ರಸದಲ್ಲೂ ಆಗುತ್ತದೆ, ಆದರೆ ಆ ಬಣ್ಣ ಬರುವುದಿಲ್ಲ. ಹುಳಿ ಬೀಳುವುದರಿಂದ ಅಲ್ಯೂಮಿನಿಯಂ ಪಾತ್ರೆ ಬೇಡ.

ಸೆಪ್ಟೆಂಬರ್ ಮೊದಲಿಗೆ ಬರುವ ಕೈಲ್‌ಪೊಳ್ದ್ ಹಬ್ಬಕ್ಕೆ ಕೊಡಗಿನ ಮನೆಗಳಲ್ಲಿ ಇದರ ಜೊತೆ ಅಕ್ಕಿ ತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ ಕಡಂಬುಟ್ಟು ಇರಲೇಬೇಕು. ನಮಗೆ ಅಕ್ಕಿ ರೊಟ್ಟಿಯೂ ನಡೆಯುತ್ತೆ, ಅಲ್ವಾ? ಸಾಧ್ಯವಾದರೆ ಹಿಂದಿನ ದಿನವೇ ಮಾಡಿ ಆರಿಸಿ ಫ್ರಿಜ್ಜಿನಲ್ಲಿಡಿ, ರಾತ್ರಿಯಲ್ಲಿ ಮಸಾಲೆ ಚೆನ್ನಾಗಿ ಹಿಡಿಯುತ್ತದೆ. ಬೆಳಿಗ್ಗೆ ಮೇಲೆ ನೆಣ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಜಾಸ್ತಿ ಅನಿಸಿದರೆ ಚಮಚದಲ್ಲಿ ಎತ್ತಿ ಬೇರೆ ಇಡಿ. ಸುಮ್ನೆ ಬಿಸಾಡಬೇಡಿ, ಆಲೂಗಡ್ಡೆ ಹುರಿಯಲು ಚೆನ್ನಾಗಿರುತ್ತದೆ.