ರಫ್ತಾಗುವ ಹಣ್ಣು–ತರಕಾರಿ: ಸರ್ಕಾರಿ ಮಾನದಂಡ ಓದುವ ಬಗೆ, ತಪಾಸಣೆಗೆ ಸಜ್ಜಾಗುವ ಬಗೆ

ಗಡಿ ದಾಟುವ ಒಂದೇ ಪೆಟ್ಟಿಗೆ ಹಣ್ಣಿಗೆ ಮೂರು ಕಾನೂನು ಅನ್ವಯಿಸುತ್ತವೆ. ಬಣ್ಣ, ಗಾತ್ರ, ಗಾಯ, ಬಲಿತಿರುವಿಕೆ ನೋಡುವುದು ಗುಣಮಟ್ಟದ ಕಾನೂನು. ಕೀಟನಾಶಕದ ಉಳಿಕೆ, ರೋಗಾಣು ನೋಡುವುದು ಆಹಾರ ಸುರಕ್ಷತೆಯ ಕಾನೂನು. ಹಣ್ಣಿನ ಜೊತೆ ಹುಳ, ಶಿಲೀಂಧ್ರ ಬೇರೆ ನೆಲಕ್ಕೆ ಹೋಗದಂತೆ ತಡೆಯುವುದು ಸಸ್ಯ ಆರೋಗ್ಯದ ಕಾನೂನು. ಸಾಮಾನ್ಯವಾಗಿ ಮೂರಕ್ಕೂ ಬೇರೆ ಅಧಿಕಾರಿ, ಬೇರೆ ಮಾದರಿ, ಬೇರೆ ಕಾಗದ. ಒಂದರಲ್ಲಿ ಪಾಸಾದರೆ ಇನ್ನೊಂದಕ್ಕೆ ಅದು ಲೆಕ್ಕಕ್ಕಿಲ್ಲ. ದರ್ಜೆಯಲ್ಲಿ ಸೋತ ಸರಕನ್ನು ಮತ್ತೆ ವಿಂಗಡಿಸಿ ಉಳಿಸಿಕೊಳ್ಳಬಹುದು. ಉಳಿಕೆಯಲ್ಲಿ ಸೋತದ್ದನ್ನು ವಿಂಗಡಿಸಿ ಸರಿಪಡಿಸಲು ಬರುವುದಿಲ್ಲ. ತಯಾರಿಯಲ್ಲಿ ಯಾವುದಕ್ಕೆ ಮೊದಲ ಗಮನ ಕೊಡಬೇಕು ಎಂಬುದು ಇದರಿಂದಲೇ ತೀರ್ಮಾನವಾಗುತ್ತದೆ.

ಮಾನದಂಡಗಳನ್ನು ಪ್ರತಿಯೊಂದು ದೇಶವೂ ಮೊದಲಿನಿಂದ ಬರೆಯುವುದಿಲ್ಲ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ 1949ರಿಂದ ಈ ಕೆಲಸ ಮಾಡುತ್ತಿದೆ. ಆರ್ಥಿಕ ಸಹಕಾರಕ್ಕಾಗಿ ಇರುವ ದೇಶಗಳ ಕೂಟ ಒಇಸಿಡಿಯ ಹಣ್ಣು–ತರಕಾರಿ ಯೋಜನೆ 1962ರಲ್ಲಿ ಶುರುವಾಯಿತು; ಯಾವ ಕಲೆ ಯಾವ ದರ್ಜೆಗೆ ಸಲ್ಲುತ್ತದೆ ಎಂದು ಚಿತ್ರಸಮೇತ ತೋರಿಸುವ ಅದರ ಕೈಪಿಡಿಗಳು ವಿಂಗಡಣೆ ಕಲಿಯಲು ಬಹಳ ಒಳ್ಳೆಯವು. 1963ರಿಂದ ಅಂತಾರಾಷ್ಟ್ರೀಯ ಆಹಾರ ಮಾನದಂಡಗಳ ಕೋಡೆಕ್ಸ್ ಇದೆ. ಇವುಗಳ ಪಠ್ಯವನ್ನು ಸರ್ಕಾರಗಳು ತಮ್ಮ ಕಾನೂನಿಗೆ ತೆಗೆದುಕೊಳ್ಳುತ್ತವೆ, ಕೆಲವೊಮ್ಮೆ ಬಿಗಿಗೊಳಿಸುತ್ತವೆ. ನಿಮ್ಮ ಸರಕನ್ನು ಅಳೆಯುವುದು ಮಾತ್ರ ತಲುಪುವ ದೇಶದ ಕಾನೂನಿನಿಂದಲೇ. ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶ ಹೊಸ ನಿಯಮದ ಕರಡನ್ನು ಮೊದಲೇ ತಿಳಿಸಬೇಕು. ಅಭಿಪ್ರಾಯಕ್ಕೆ ಸಾಮಾನ್ಯವಾಗಿ 60 ದಿನ ಸಿಗುತ್ತದೆ. ಈ ಪ್ರಕಟಣೆಗಳನ್ನು ತಿಂಗಳಿಗೊಮ್ಮೆಯಾದರೂ ನೋಡುತ್ತಿರಿ.

ಮಾನದಂಡ ಕೈಗೆ ಬಂದಾಗ ಎಲ್ಲರೂ ದರ್ಜೆಯ ವರ್ಣನೆಯನ್ನೇ ಓದುತ್ತಾರೆ. ಮೊದಲು ಓದಬೇಕಾದದ್ದು ಕನಿಷ್ಠ ಅಗತ್ಯಗಳ ಪಟ್ಟಿ: ಹಣ್ಣು ಇಡಿಯಾಗಿರಬೇಕು, ಕೊಳೆತಿರಬಾರದು, ಶುಚಿಯಾಗಿರಬೇಕು, ಹೊರಮೈಯಲ್ಲಿ ಅತಿಯಾದ ತೇವ ಇರಬಾರದು, ಪರಕೀಯ ವಾಸನೆ–ರುಚಿ ಇರಬಾರದು. ಇದು ಎಲ್ಲ ದರ್ಜೆಗೂ ಒಂದೇ. ಇದರ ಜೊತೆಗೇ ಬಲಿತಿರುವಿಕೆಯ ಅಂಕಿ ಬರುತ್ತದೆ. ಯುರೋಪ್ ಆರ್ಥಿಕ ಆಯೋಗದ ಮಾನದಂಡದಲ್ಲಿ ಬೀಜರಹಿತ ದ್ರಾಕ್ಷಿಗೆ ಕನಿಷ್ಠ 14 ಡಿಗ್ರಿ ಬ್ರಿಕ್ಸ್ (ರಸದ ಸಿಹಿಯ ಅಳತೆ), ಬೀಜವಿರುವ ಹೆಚ್ಚಿನ ತಳಿಗಳಿಗೆ 13. ಕಿವಿ ಹಣ್ಣು ಪ್ಯಾಕ್ ಮಾಡುವಾಗ 6.2 ಬ್ರಿಕ್ಸ್ ಅಥವಾ ಸರಾಸರಿ ಶೇ. 15 ಒಣ ಪದಾರ್ಥ ಇರಬೇಕು. ಬ್ರಿಕ್ಸ್ ಅಳೆಯುವ ಉಪಕರಣ ರಿಫ್ರಾಕ್ಟೋಮೀಟರನ್ನು ಪ್ರತಿದಿನ ಶುದ್ಧ ನೀರಿನಿಂದ ಸೊನ್ನೆಗೆ ಹೊಂದಿಸಿ. ದ್ರಾಕ್ಷಿ ಗೊಂಚಲಿನ ತುದಿಯ ಕಾಯಿಗಿಂತ ಭುಜದ (ಮೇಲ್ಭಾಗದ) ಕಾಯಿ ಸಾಮಾನ್ಯವಾಗಿ ಸಿಹಿ ಹೆಚ್ಚು. ಮೇಲಿನದನ್ನಷ್ಟೇ ಹಿಂಡಿ ಅಳೆದರೆ ಅಂಕಿ ಚೆನ್ನಾಗಿಯೇ ಬರುತ್ತದೆ, ಸರಕು ಅಲ್ಲಿ ಹೋಗಿ ಸೋಲುತ್ತದೆ.

ಆಮೇಲೆ ವಿನಾಯಿತಿಯ ಭಾಗ, ಅಂದರೆ ದರ್ಜೆಗೆ ಸಲ್ಲದ ಹಣ್ಣು ಎಷ್ಟಿದ್ದರೆ ನಡೆಯುತ್ತದೆ ಎಂಬುದು. ನನ್ನ ಮಟ್ಟಿಗೆ ಇಡೀ ಮಾನದಂಡದ ಜೀವ ಇರುವುದು ಇಲ್ಲೇ. ಎಲ್ಲಕ್ಕೂ ಮೇಲಿನ 'ಎಕ್ಸ್‌ಟ್ರಾ' ದರ್ಜೆಯಲ್ಲಿ ಎಣಿಕೆ ಅಥವಾ ತೂಕದಲ್ಲಿ ಶೇ. 5ರಷ್ಟು ಹಣ್ಣು ಒಂದನೇ ದರ್ಜೆಯದ್ದಾಗಿರಬಹುದು, ಅದರೊಳಗೆ ಎರಡನೇ ದರ್ಜೆಯದ್ದು ಶೇ. 0.5 ಮೀರಬಾರದು. ಒಂದನೇ ದರ್ಜೆಯಲ್ಲಿ ಶೇ. 10ರಷ್ಟು ಎರಡನೇ ದರ್ಜೆಯ ಹಣ್ಣಿಗೆ ಜಾಗವಿದೆ, ಆದರೆ ಕೊಳೆತದ್ದು, ಕನಿಷ್ಠ ಅಗತ್ಯ ಮುಟ್ಟದ್ದು ಎಲ್ಲ ಸೇರಿ ಶೇ. 1ರೊಳಗೇ ಇರಬೇಕು. ಎರಡನೇ ದರ್ಜೆಯಲ್ಲಿ ಆ ದರ್ಜೆಗೂ ಕನಿಷ್ಠ ಅಗತ್ಯಕ್ಕೂ ಸಲ್ಲದ ಹಣ್ಣು ಶೇ. 10ರವರೆಗೆ ಇರಬಹುದು, ಅದರೊಳಗೆ ಕೊಳೆತದ್ದು ಶೇ. 2 ದಾಟಬಾರದು.

ಇದನ್ನು ಲೆಕ್ಕಕ್ಕೆ ಇಳಿಸಿ ನೋಡಿ. ಲಾಟ್‌ನಲ್ಲಿ (ಒಟ್ಟಿಗೆ ತಪಾಸಣೆಗೆ ಬರುವ ಒಂದೇ ಬಗೆಯ ಸರಕಿನಲ್ಲಿ) 400 ಪೆಟ್ಟಿಗೆ, ಒಂದೊಂದರಲ್ಲಿ 40 ಹಣ್ಣು. ಐರೋಪ್ಯ ಒಕ್ಕೂಟದ ಪದ್ಧತಿಯಲ್ಲಿ 100 ಪೆಟ್ಟಿಗೆವರೆಗಿನ ಲಾಟ್‌ಗೆ 5, 101ರಿಂದ 300ಕ್ಕೆ 7, 301ರಿಂದ 500ಕ್ಕೆ 9, 501ರಿಂದ 1000ಕ್ಕೆ 10, ಅದಕ್ಕೂ ಮೇಲೆ ಕನಿಷ್ಠ 15 ಪೆಟ್ಟಿಗೆ ತೆಗೆಯುತ್ತಾರೆ. ನಿಮ್ಮದರಲ್ಲಿ 9 ಪೆಟ್ಟಿಗೆ, 360 ಹಣ್ಣು. ಒಂದನೇ ದರ್ಜೆ ಎಂದು ಬರೆದಿದ್ದರೆ ಸಣ್ಣಪುಟ್ಟ ಕಲೆಯ 36 ಹಣ್ಣು ಸಿಕ್ಕರೂ ಲಾಟ್ ಪಾಸು. ಕೊಳೆತದ್ದು 3 ಇದ್ದರೆ ಪಾಸು, 4 ಇದ್ದರೆ ಫೇಲು. ಅಂದರೆ ಕಲೆ ಹುಡುಕಲು ಹತ್ತು ಜನರನ್ನು ನಿಲ್ಲಿಸಿ, ಕೊಳೆಯುವುದರ ಕಾರಣ ಹುಡುಕದಿದ್ದರೆ ಶ್ರಮವೆಲ್ಲ ತಪ್ಪು ಕಡೆ ಹೋಗುತ್ತದೆ. ಹಣ್ಣು ಕೊಳೆಯುವುದು ಪ್ಯಾಕ್ ಮಾಡುವ ದಿನ ಕಣ್ಣಿಗೆ ಬೀಳುವುದಿಲ್ಲ. ತೊಟ್ಟು ಕಿತ್ತ ಗಾಯ, ಮಳೆ ನಿಂತ ಕೂಡಲೇ ಕೊಯ್ದ ಹಣ್ಣು, ತೊಳೆದು ಒಣಗಿಸದೆ ಮುಚ್ಚಿದ ಪೆಟ್ಟಿಗೆ, ಕೊಯ್ದ ಮೇಲೆ ತಂಪು ಮಾಡಲು ಆದ ತಡ: ಹೆಚ್ಚಾಗಿ ಇವೇ ಕಾರಣ. ಪ್ರತಿ ಲಾಟ್‌ನ ಒಂದೆರಡು ಪೆಟ್ಟಿಗೆಯನ್ನು ನಿಮ್ಮಲ್ಲೇ, ಸಾಗಣೆಯಷ್ಟೇ ತಾಪಮಾನದಲ್ಲಿ, ಸಾಗಣೆಯಷ್ಟೇ ದಿನ ಇಟ್ಟು ತೆರೆದು ನೋಡಿ. ಅಲ್ಲಿ ಏನು ಸಿಗಬಹುದು ಎಂಬುದು ಇಲ್ಲೇ ತಿಳಿಯುತ್ತದೆ.

ಲಾರಿ ಹೊರಡುವ ಹಿಂದಿನ ದಿನ ಅಧಿಕಾರಿ ಮಾಡುವಂತೆಯೇ ನೀವೂ ಮಾಡಿ. ಪೆಟ್ಟಿಗೆಗಳನ್ನು ರಾಶಿಯ ಬೇರೆ ಬೇರೆ ಕಡೆಯಿಂದ, ಒಳಗಿನಿಂದಲೂ ತೆಗೆಯಿರಿ. ಬಾಗಿಲ ಹತ್ತಿರದ್ದನ್ನಷ್ಟೇ ತೆಗೆದರೆ ಅದು ಮಾದರಿಯೇ ಅಲ್ಲ. ಪೆಟ್ಟಿಗೆಯನ್ನು ಪೂರ್ತಿ ಬರಿದು ಮಾಡಿ. ಕಾಣುವ ಪದರ ಒಳಗಿರುವುದನ್ನೇ ಪ್ರತಿನಿಧಿಸಬೇಕೆಂಬುದು ನಿಯಮ, ಮೇಲೆ ದಪ್ಪ ಹಣ್ಣು ಜೋಡಿಸುವುದು ನೇರ ಉಲ್ಲಂಘನೆ. ಗಾತ್ರಕ್ಕೆ ಕ್ಯಾಲಿಪರ್ ಅಥವಾ ಉಂಗುರದ ಅಳತೆಪಟ್ಟಿ ಬಳಸಿ, ದೋಷಗಳನ್ನು ಬಗೆಬಗೆಯಾಗಿ ಎಣಿಸಿ ಶೇಕಡಾ ಬರೆದಿಡಿ. ಲೇಬಲ್‌ನಲ್ಲಿ ಪ್ಯಾಕ್ ಮಾಡಿದವರ ಗುರುತು, ಉತ್ಪನ್ನ, ಬೆಳೆದ ದೇಶ, ದರ್ಜೆ, ಗಾತ್ರ ನೋಡಿ. ಶೇ. 10ರ ಅಂಚಿಗೆ ಬಂದ ಲಾಟನ್ನು ಎರಡನೇ ದರ್ಜೆ ಎಂದು ಬರೆದು ಕಳಿಸುವುದೇ ಜಾಣತನ.

ಕೀಟನಾಶಕದ ಉಳಿಕೆಯ ಮಾತು ಬೇರೆ. ಐರೋಪ್ಯ ಒಕ್ಕೂಟದಲ್ಲಿ ಒಂದು ಔಷಧಕ್ಕೆ ಆ ಬೆಳೆಯಲ್ಲಿ ಪ್ರತ್ಯೇಕ ಮಿತಿ ಇಲ್ಲದಿದ್ದರೆ ಕಿಲೋಗೆ 0.01 ಮಿಲಿಗ್ರಾಂ ಎಂಬ ಸಾಮಾನ್ಯ ಮಿತಿ ಅನ್ವಯಿಸುತ್ತದೆ. 100 ಟನ್ ಹಣ್ಣಿನಲ್ಲಿ ಒಂದು ಗ್ರಾಂ! ಇಷ್ಟನ್ನು ದಾಟಲು ಹೆಚ್ಚು ಸಿಂಪಡಿಸಬೇಕೆಂದೇನಿಲ್ಲ. ತಲುಪುವ ದೇಶದಲ್ಲಿ ಆ ಬೆಳೆಗೆ ಮಿತಿಯೇ ನಿಗದಿಯಾಗದ ಔಷಧ, ಪಕ್ಕದ ಹೊಲದಿಂದ ಗಾಳಿಯಲ್ಲಿ ಬಂದ ಹನಿ, ಸರಿಯಾಗಿ ತೊಳೆಯದ ಟ್ಯಾಂಕ್, ಇದರಲ್ಲಿ ಯಾವುದೊಂದಾದರೂ ಸಾಕು. ಆದ್ದರಿಂದ ಔಷಧದ ಪಟ್ಟಿಯನ್ನು ಬಿತ್ತನೆಗೆ ಮುಂಚೆಯೇ ತಲುಪುವ ದೇಶದ ಮಿತಿಗಳ ಜೊತೆ ಹೋಲಿಸಿ. ಪರೀಕ್ಷೆಯ ಮಾದರಿಯನ್ನು ಫಲಿತಾಂಶ ಕೊಯ್ಲಿಗೆ ಮೊದಲು ಕೈಸೇರುವಂತೆ ಕಳಿಸಿ. ಕೋಡೆಕ್ಸ್ ಪದ್ಧತಿಯಲ್ಲಿ 25ರಿಂದ 250 ಗ್ರಾಂ ತೂಗುವ ಹಣ್ಣಾದರೆ ಕನಿಷ್ಠ 10 ಹಣ್ಣು, 1 ಕಿಲೋ. ಅದಕ್ಕಿಂತ ದೊಡ್ಡದಾದರೆ 5 ಹಣ್ಣು, 2 ಕಿಲೋ. ಐರೋಪ್ಯ ಅಧಿಕಾರಿಗಳು ತೀರ್ಮಾನಕ್ಕೆ ಮುಂಚೆ ಅಳತೆಯ ಅನಿಶ್ಚಿತತೆಗೆಂದು ಪರೀಕ್ಷೆಯಲ್ಲಿ ಬಂದ ಅಂಕಿಯಿಂದ ಶೇ. 50 ಕಳೆಯುತ್ತಾರೆ. ಆ ರಿಯಾಯಿತಿಯನ್ನು ನಂಬಿ ಸರಕು ಕಳಿಸಬೇಡಿ. ಮಿತಿಯ ಅರ್ಧ ದಾಟಿದರೆ ನಿಮಗದು ಎಚ್ಚರಿಕೆಯ ಗಂಟೆ.

ಸಸ್ಯ ಆರೋಗ್ಯದಲ್ಲಿ ನಿರ್ಬಂಧಿತ ಕೀಟಕ್ಕೆ ಶೇಕಡಾವಾರು ವಿನಾಯಿತಿ ಸಾಮಾನ್ಯವಾಗಿ ಇರುವುದಿಲ್ಲ, ಒಂದು ಜೀವಂತ ಮರಿಹುಳ ಸಾಕು. ನೂರಕ್ಕೆ ಒಂದು ಹಣ್ಣಿನಲ್ಲಿ ಹುಳ ಇದ್ದರೆ ಅದನ್ನು ಶೇ. 95 ಖಾತ್ರಿಯಿಂದ ಹಿಡಿಯಲು ಸುಮಾರು 300 ಹಣ್ಣು ನೋಡಬೇಕು. 50 ನೋಡಿ 'ಇಲ್ಲ' ಎನ್ನುವುದಕ್ಕೆ ಅರ್ಥವಿಲ್ಲ. ಚಿಕಿತ್ಸೆ ಬೇಕಿದ್ದಲ್ಲಿ ಅಂಕಿ ಅಕ್ಷರಶಃ ಪಾಲಿಸಬೇಕು: ಕಿತ್ತಳೆಯಲ್ಲಿ ಮೆಡಿಟರೇನಿಯನ್ ಹಣ್ಣುನೊಣಕ್ಕೆ ಇರುವ ಅಂತಾರಾಷ್ಟ್ರೀಯ ಕ್ರಮಗಳಲ್ಲೊಂದು 2 ಡಿಗ್ರಿ ಸೆಲ್ಸಿಯಸ್ ಅಥವಾ ಕಡಿಮೆಯಲ್ಲಿ ಸತತ 16 ದಿನ. ನಡುವೆ ಕಂಟೇನರ್ ಬಿಸಿಯಾದರೆ 'ಸತತ' ಎಂಬುದು ಮುರಿಯಿತು. ಮರದ ಪ್ಯಾಲೆಟ್ ಶಾಖದಿಂದ ಸಂಸ್ಕರಿಸಿದ್ದಾದರೆ ಒಳತಿರುಳಿನವರೆಗೂ 56 ಡಿಗ್ರಿಯಲ್ಲಿ ಸತತ 30 ನಿಮಿಷ ಕಾದಿರಬೇಕು, ಸಂಸ್ಕರಣೆಯ ಮುದ್ರೆ ಓದುವಂತಿರಬೇಕು. ಸಸ್ಯ ಆರೋಗ್ಯ ಪ್ರಮಾಣಪತ್ರದಲ್ಲಿ ತಲುಪುವ ದೇಶ ಕೇಳಿದ ಹೆಚ್ಚುವರಿ ಘೋಷಣೆಯನ್ನು ಅವರ ಪದಗಳಲ್ಲೇ ಬರೆಸಿ; ದೃಢೀಕರಿಸದ ತಿದ್ದುಪಡಿ ಇದ್ದರೆ ಪತ್ರ ಅಮಾನ್ಯ.

ಸರಕು ಸೋತರೆ ಪೆಟ್ಟು ಆ ಒಂದು ಕಂಟೇನರಿಗೇ ನಿಲ್ಲುವುದಿಲ್ಲ. ಐರೋಪ್ಯ ಒಕ್ಕೂಟ ದೇಶ–ಉತ್ಪನ್ನವಾರು ಪಟ್ಟಿ ಇಟ್ಟು, ನೂರು ಸರಕಿನಲ್ಲಿ ಎಷ್ಟನ್ನು ಪರೀಕ್ಷಿಸಬೇಕೆಂದು ನಿಗದಿ ಮಾಡುತ್ತದೆ, ಆರು ತಿಂಗಳಿಗೊಮ್ಮೆಯಾದರೂ ಅದನ್ನು ಪರಿಶೀಲಿಸುತ್ತದೆ. ಒಬ್ಬರ ತಪ್ಪಿಗೆ ಅದೇ ಬೆಳೆ ಕಳಿಸುವ ಎಲ್ಲರ ಸರಕೂ ಬಂದರಿನಲ್ಲಿ ಕಾಯುತ್ತದೆ, ಕಾದಷ್ಟೂ ಬಾಡುತ್ತದೆ. ತಿರಸ್ಕಾರದ ನೋಟಿಸ್ ಬಂದ ದಿನವೇ ಮಾದರಿ ತೆಗೆದ ದಾಖಲೆ, ಪ್ರಯೋಗಾಲಯದ ವರದಿ ಕೇಳಿ ಪಡೆಯಿರಿ, ಕಾನೂನು ಅವಕಾಶ ಕೊಟ್ಟರೆ ಎರಡನೇ ತಜ್ಞ ಅಭಿಪ್ರಾಯಕ್ಕೆ ಅರ್ಜಿ ಹಾಕಿ. ಲಾಟ್ ಸಂಖ್ಯೆ ಹಿಡಿದು ಅದು ಯಾವ ತೋಟದ್ದು, ಯಾವ ದಿನ ಕೊಯ್ದದ್ದು, ಕೊನೆಯ ಸಿಂಪಡಣೆ ಯಾವುದು ಎಂದು ಹುಡುಕಿ. ಅದೇ ತೋಟದ, ಇನ್ನೂ ಹೊರಡದ ಪೆಟ್ಟಿಗೆಗಳನ್ನು ಆ ಕ್ಷಣವೇ ಪಕ್ಕಕ್ಕಿಡಿ.